ಮನೆ ಒಪ್ಪಿಸಿ ಹೋಗುವುದು

ಮನೆಯಿಂದ,
ನವೆಂಬರ್ ೧೨, ಮಂಗಳವಾರ ಮಧ್ಯಾಹ್ನ

ನನ್ನ ದೊಡ್ಡ ಮಗಳೇ,

ಹೇಗಿದ್ದೀಯ? ಬೆನ್ನುನೋವು ಇಳಿಯಿತಾ? ಇಡೀ ದಿನ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತರೆ ಬೆನ್ನು ತಾನೇ ಏನು ಮಾಡೀತು? ಗಂಟೆಗೊಮ್ಮೆ ಎದ್ದು ಓಡಾಡು ಅಂತ ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು, ಬರೆದೆ. ನಿಜ ಕೇಳಿದರೆ ಚೆನ್ನಾಗಿಲ್ಲ. ನಿಮ್ಮಪ್ಪ ತೀರಿಹೋಗಿ ಒಂದೂವರೆ ತಿಂಗಳಾಯಿತು. ನಿನ್ನ ತಮ್ಮ ಎರಡು ವಾರ ಇದ್ದ, ಅವನಿಗೂ ರಜೆ ಮುಗಿಯಿತು. ಈಗ ತರಕಾರಿಯವಳ ಹತ್ತಿರ ಬೇಡದ ಸೌತೆಕಾಯಿಗೂ ಚೌಕಾಸಿ ಮಾಡುತ್ತೇನೆ, ಅಷ್ಟಾದರೂ ಮಾತಾಗಲಿ ಅಂತ. ಅವಳಿಗೂ ಗೊತ್ತಾಗಿದೆ, ಪಾಪ, ಬುಟ್ಟಿ ಇಳಿಸಿ ಸ್ವಲ್ಪ ಹೊತ್ತು ಕೂತು ಹೋಗುತ್ತಾಳೆ. ನೀನು ಬರಲಿಲ್ಲ ಅಂತ ದೂರಲು ಈ ಕಾಗದ ಬರೆಯುತ್ತಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅರ್ಧಕ್ಕೇ ಮಡಿಚಿಡುವವಳು ನೀನು.

ಹೋದ ಭಾನುವಾರ ಮಾಜಿ ನಾವಿಕರ ಸಂಘದವರು ನಿಮ್ಮಪ್ಪನ ನೆನಪಿಗೆ ಒಂದು ಸಭೆ ಇಟ್ಟಿದ್ದರು. ಅಧ್ಯಕ್ಷರು ಕಾಲು ಗಂಟೆ ಮಾತಾಡಿದರು. ಯುದ್ಧದಲ್ಲಿ ನಾಲ್ಕು ವರ್ಷ, ಎರಡು ಹಡಗು, ಒಂದು ಪದಕ. ಎಲ್ಲ ಸರಿಯೇ, ಆದರೆ ಅವರು ಹೊಗಳಿದ ಮನುಷ್ಯನ ಗುರುತೇ ನನಗೆ ಹತ್ತಲಿಲ್ಲ. ನಮ್ಮ ಮನೆಯವರು ಪದಕವನ್ನು ಗುಂಡಿ, ದಾರದ ಡಬ್ಬಿಯಲ್ಲಿ ಹಾಕಿಟ್ಟವರು. ನಿಮ್ಮಿಬ್ಬರ ಶಾಲೆಯ ಚೀಲಗಳನ್ನು ಹಡಗಿನ ದಪ್ಪ ಬಟ್ಟೆ ಹೊಲಿದ ಹಾಗೆ ಹೊಲಿದು, ಚೀಲ ಚಿಂದಿಯಾದರೂ ಹೊಲಿಗೆ ಬಿಡದಂತೆ ಮಾಡಿದವರು. ಬಾಣಂತನದಲ್ಲಿ ನನಗೆ ಜ್ವರ ಬಂದಾಗ ನಿನ್ನ ತಮ್ಮನನ್ನು ಎದೆಗೆ ಕಟ್ಟಿಕೊಂಡೇ ಪಂಪ್‌ಹೌಸಿನ ಕೆಲಸಕ್ಕೆ ಹೋದವರು. ಯುದ್ಧದ ಕಥೆ ಹೇಳಿ ಅಂದರೆ, ಹಡಗಿನ ಅಡುಗೆಯವನು ಎರಡು ಸಲ ಉಪ್ಪು ಹಾಕಿದ್ದು ಬಿಟ್ಟು ಬೇರೇನೂ ಬಾಯಿ ಬಿಡುತ್ತಿರಲಿಲ್ಲ.

ಮನೆ ಒಪ್ಪಿಸುವ ಸಂಗತಿಯಂತೂ ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿರುವುದು ನಮ್ಮ ನಾಲ್ವರಿಗೇ. ಬೆಳಿಗ್ಗೆ ಏಳಕ್ಕೆ ಕೆಲಸದ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು, ‘ಒಲೆ ಆರಿದೆ, ನಲ್ಲಿ ನಿಂತಿದೆ, ಹಿಂಬಾಗಿಲು ಹಾಕಿದೆ’ ಅಂತ ಶುರು ಮಾಡಿದರೆ, ಮನೆಯಲ್ಲಿ ಉಳಿಯುವವರು ಅದನ್ನು ಒಂದಕ್ಷರ ಬಿಡದೆ ತಿರುಗಿ ಒಪ್ಪಿಸಬೇಕು. ಅಲ್ಲಿಯವರೆಗೆ ಆಸಾಮಿ ಹೊಸ್ತಿಲು ದಾಟುವುದಿಲ್ಲ. ಶಾಲೆಯಲ್ಲಿ ಪದ್ಯ ಒಪ್ಪಿಸು ಅಂದಾಗ ನಿನ್ನ ತಮ್ಮ ಕೈ ಕಟ್ಟಿಕೊಂಡು ಒಲೆ, ನಲ್ಲಿ, ಹಿಂಬಾಗಿಲು ಒಪ್ಪಿಸಿ ಬಂದನಲ್ಲ, ನೆನಪಿದೆಯಾ? ಮೇಷ್ಟ್ರು ಮನೆಗೇ ಬಂದು ನಕ್ಕು ಹೋದರು. ನಾನೂ ನಗುತ್ತಿದ್ದೆ. ಹಡಗಿನವರ ಹುಚ್ಚು ಅಂದುಕೊಂಡಿದ್ದೆ.

ಆ ದಿನದ ಮಾತಿಗೆ ಬರುತ್ತೇನೆ. ನಾನು ನಿನ್ನ ದೊಡ್ಡಮ್ಮನ ಮನೆಯಲ್ಲಿದ್ದೆ. ನಿನ್ನ ತಮ್ಮನಿಗೆ ಜ್ವರ, ನಿನಗೆ ನರ್ಸಿಂಗ್ ಶಾಲೆಯ ಸಂದರ್ಶನ, ಏಳೂಕಾಲಿಗೆ ಬಸ್ಸು. ನಿಮ್ಮಪ್ಪ ಬಾಗಿಲಲ್ಲಿ ನಿಂತು, ತಮ್ಮನಿಗೆ ಹತ್ತಕ್ಕೆ ಮಾತ್ರೆ, ಹೊರಡುವಾಗ ಪಕ್ಕದ ಮನೆಯವರಿಗೆ ಹೇಳಿ ಹೋಗು ಅಂದರು. ನೀನು ತಲೆ ಬಾಚುತ್ತಾ ಹೂಂ ಅಂದೆ. ಒಪ್ಪಿಸು ಅಂದರು. ‘ನಾನೇನು ನಿಮ್ಮ ಹಡಗಿನವಳಲ್ಲ’ ಅಂದೆ ನೀನು. ಅಪ್ಪನೂ ಮಗಳೂ ಒಂದೇ ಅಚ್ಚು, ಇಬ್ಬರೂ ಪಟ್ಟು ಬಿಡಲಿಲ್ಲ. ಅವರು ಬಾಗಿಲಿಗೆ ಅಡ್ಡ ನಿಂತೇ ಇದ್ದರು, ಬಸ್ಸು ಹೋಗಿಯೇಬಿಟ್ಟಿತು. ವಾರ ಕಳೆಯುವುದರೊಳಗೆ ನೀನೂ ಮನೆ ಬಿಟ್ಟು ಹೋದೆ. ತಪ್ಪು ಅವರದೇ ಮಗಳೇ, ನಾನು ಅವರ ಪರ ವಹಿಸುತ್ತಿಲ್ಲ. ಊರಿಂದ ಬಂದವಳೇ ಬಾಯಿಗೆ ಬಂದ ಹಾಗೆ ಬೈದೆ.

ಆಗ ಅವರು ಹೇಳಿದ್ದನ್ನು ಮಕ್ಕಳ ತಲೆಗೆ ಹೊರಿಸಬೇಡ ಅಂತ ಮಾತು ತೆಗೆದುಕೊಂಡಿದ್ದರು. ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಇನ್ನು ಯಾರಿಗಾಗಿ? ಹಡಗಿನಲ್ಲಿ ಅವರದು ಕಾವಲು, ದುರ್ಬೀನು ಹಿಡಿದು ನಾಲ್ಕು ಗಂಟೆ ನೀರು ನೋಡುವ ಪಾಳಿ. ಪಾಳಿ ಮುಗಿದಾಗ ಕಂಡದ್ದನ್ನೆಲ್ಲ ಮುಂದಿನವನಿಗೆ ಹೇಳಬೇಕು, ಅವನು ತಿರುಗಿ ಒಪ್ಪಿಸಿದ ಮೇಲೆಯೇ ಜಾಗ ಬಿಡಬೇಕು. ಅವರ ನಂತರದ ಪಾಳಿ ಅವರ ಜೀವದ ಗೆಳೆಯನದು, ಎಲ್ಲರೂ ಅವನನ್ನು ಗೊರಕೆ ಅಂತ ಕರೆಯುತ್ತಿದ್ದರಂತೆ. ಒಂದು ಬೆಳಿಗ್ಗೆ ಇವರು, ಬಲಗಡೆ ನೀರಲ್ಲಿ ಏನೋ ಕಪ್ಪಗೆ ಕಂಡಿತು, ಕಣ್ಣಿಡು ಅಂದರು. ಗೊರಕೆ ಆಕಳಿಸುತ್ತಾ ಹೂಂ ಅಂದ. ಚಳಿ, ಕೆಳಗೆ ಚಹಾ ಆರುತ್ತಿತ್ತು, ಇವರು ಇಳಿದುಬಿಟ್ಟರು. ಅರ್ಧ ಲೋಟ ಕುಡಿದಿರಲಿಲ್ಲ, ನೀರಲ್ಲಿ ತೇಲುತ್ತಿದ್ದ ಸಿಡಿಗುಂಡು ತಗುಲಿ ಹಡಗಿನ ಬಲಭಾಗ ಹಾರಿಹೋಯಿತು. ಒಂಬತ್ತು ಜನ ಸತ್ತರು, ಗೊರಕೆಯೂ. ವಿಚಾರಣೆಯಲ್ಲಿ ಇವರ ತಪ್ಪಿಲ್ಲ ಅಂದರಂತೆ. ಪದಕವೂ ಆ ದಿನದ್ದೇ, ಗಾಯಾಳುಗಳನ್ನು ನೀರಿನಿಂದ ಎಳೆದದ್ದಕ್ಕೆ. ‘ಹೂಂ ಅಂದ್ರೆ ಕೇಳಿಸ್ಕೊಂಡ ಅಂತ ಅಲ್ಲ ಕಣೇ’ ಅಂದರು ನನಗೆ. ಅಷ್ಟು ವರ್ಷದ ಸಂಸಾರದಲ್ಲಿ ಅವರು ಅತ್ತದ್ದನ್ನು ನೋಡಿದ್ದು ಆವತ್ತೊಂದೇ ದಿನ. ನಿನಗೆ ಬರೆಯಿರಿ ಅಂತ ಎಷ್ಟು ಸಲ ಕಾಗದ ಮುಂದಿಟ್ಟೆನೋ. ಪೆನ್ನು ಹಿಡಿದು ಕೂರುತ್ತಿದ್ದರು, ತಾರೀಖು ಬರೆಯುತ್ತಿದ್ದರು, ಅಷ್ಟೇ.

ಇದನ್ನು ಓದಿ ನೀನು ಅವರನ್ನು ಕ್ಷಮಿಸಬೇಕು ಅಂತ ಕೇಳುವುದಿಲ್ಲ. ಹೋದ ಬಸ್ಸು ಹೋಯಿತು. ಆದರೆ ಅಪ್ಪನಿಗೆ ನಾನು ಬೇಡವಾಗಿದ್ದೆ ಅಂದುಕೊಂಡು ಇರಬೇಡ, ಅದೊಂದು ನನಗೆ ಸಹಿಸಲಾಗದು. ಬೆನ್ನಿಗೆ ಬಿಸಿನೀರಿನ ಶಾಖ ಕೊಡು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಗೆ ಒಳ್ಳೆಯ ಕೆಲಸ, ಕಣ್ಣಿಗೆ ಒಳ್ಳೆಯ ನಿದ್ದೆ ಸಿಗಲಿ.

ನಿನ್ನ ಅಮ್ಮ

ಮರೆತಿದ್ದೆ ಅಂತ ಬರೆದರೆ ಸುಳ್ಳಾಗುತ್ತದೆ, ಬರೆಯಲು ಕೈ ಬಂದಿರಲಿಲ್ಲ. ಅಂಚೆಯ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ನೀನು ಹೋದ ಮೇಲೆ ನಿಮ್ಮಪ್ಪ ಮಲಗುವ ಮುಂಚೆ ಮುಂಬಾಗಿಲಿಗೆ ಬೀಗ ಮಾತ್ರ ಹಾಕುತ್ತಿದ್ದರು, ಒಳಗಿನ ಚಿಲಕ ಹಾಕುತ್ತಿರಲಿಲ್ಲ. ಮರೆವು ಬಂತು ಅಂತ ಆಡಿಕೊಂಡು, ಅವರು ಮಲಗಿದ ಮೇಲೆ ನಾನೇ ಎದ್ದು ಹಾಕಿ ಬರುತ್ತಿದ್ದೆ, ಹನ್ನೊಂದು ವರ್ಷ. ಕೊನೆಯ ದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಮನೆ ಒಪ್ಪಿಸಿದರು. ಒಲೆ, ನಲ್ಲಿ, ಹಿಂಬಾಗಿಲು ಎಲ್ಲ ಆದ ಮೇಲೆ, ‘ದೊಡ್ಡವಳು ಇನ್ನೂ ಹೊರಗಿದ್ದಾಳೆ, ಚಿಲಕ ಹಾಕ್ಬೇಡ’ ಅಂದರು. ನಾನು ಹೂಂ ಅಂದೆ, ಅಷ್ಟೇ ಬಂದದ್ದು. ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ಮೊನ್ನೆ ಬಡಗಿಯನ್ನು ಕರೆಸಿ ಚಿಲಕ ಬಿಚ್ಚಿಸಿದ್ದೇನೆ. ಬೀಗ ಹಳೆಯದೇ, ನಿನ್ನ ಹತ್ತಿರ ಇರುವ ಕೀಲಿಯೇ ಆಗುತ್ತದೆ.