ಕೆಂಪು ರಬ್ಬರ್ ಶೀಟು

ಯಲಹಂಕ
೮ ನವೆಂಬರ್ ೧೯೬೪, ಭಾನುವಾರ

ಗೌರಾ,

ಇಲ್ಲಿ ನಾನು ಕ್ಷೇಮ. ಚಿಕ್ಕಬಳ್ಳಾಪುರದಲ್ಲಿ ನೀನೂ ನಿಮ್ಮಣ್ಣ ಅಶ್ವತ್ಥಪ್ಪನವರೂ ಅತ್ತಿಗೆಯೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ದೀಪಾವಳಿಗೆ ಮೊದಲೇ ಬರೆಯಬೇಕಿತ್ತು. ಇನ್‌ಲ್ಯಾಂಡ್ ತಂದಿಟ್ಟಿದ್ದೆ. ಕ್ಷೇಮಸಮಾಚಾರ ಬರೆದ ಮೇಲೆ ಮುಂದಿನ ಮಾತು ಹೊಳೆಯಲಿಲ್ಲ. ಬೇಜಾರು ಮಾಡಿಕೊಳ್ಳಬೇಡ.

ನೀರು ತರುವ ಮುನಿಶಾಮಮ್ಮ ದಿನವೂ ಕೇಳುತ್ತಾಳೆ, "ಅಮ್ಮಾವ್ರು ಯಾವಾಗ ಬತ್ತಾರೆ ಸ್ವಾಮಿ? ಅಬ್ಬಾನೂ ಓಯ್ತು." ಮುಂದಿನ ವಾರ ಎನ್ನುತ್ತೇನೆ. "ಓದ್ ವಾರಾನೂ ಇಂಗೇ ಅಂದ್ರಿ" ಎಂದು ಕೊಡ ಇಳಿಸಿ ಹೋಗುತ್ತಾಳೆ. ಹಿತ್ತಲಿನ ದಾಸವಾಳ ಚಿಗುರಿದೆ. ಬೆಕ್ಕು ಈಗ ನಿನ್ನ ಮಣೆಯ ಮೇಲೆ ಮಲಗುತ್ತದೆ, ಎಬ್ಬಿಸುವುದಿಲ್ಲ.

ಹೋದ ತಿಂಗಳು ನಾನು ಅಲ್ಲಿಗೆ ಬಂದಾಗ ನೀನು ಅಡಿಗೆಮನೆಯ ಬಾಗಿಲಲ್ಲಿ ನಿಂತು, "ನಿಮಗೆ ಕೆಲಸ ಇದೆ. ನನಗೇನಿದೆ ಅಲ್ಲಿ?" ಎಂದೆ. ನಾನು ರೈಲು ಹತ್ತಿ ಬಂದೆ. ಇವತ್ತೂ ನನ್ನ ಹತ್ತಿರ ಇರುವುದು ಕೆಲಸದ ಸಮಾಚಾರ. ಬಟ್ಟೆಯಿಂದ ವಿಮಾನ ಹೇಗೆ ಮಾಡುತ್ತೀರಿ ಎಂದು ನೀನು ಒಮ್ಮೆ ಕೇಳಿದ್ದೆಯಲ್ಲ, ಅದನ್ನೇ ಹೇಳುತ್ತೇನೆ.

ಜಕ್ಕೂರಿನ ನಮ್ಮ ಶೆಡ್ಡಿನಲ್ಲಿ ಈಗ ಒಂದು ಗ್ಲೈಡರಿನ ಮೂತಿ ಮಾಡುತ್ತಿದ್ದೇವೆ. ಪ್ಲಾಸ್ಟರಿನ ಅಚ್ಚಿನೊಳಗೆ ಗಾಜಿನ ನೂಲಿನ ಬಟ್ಟೆ ಹಾಸಿ, ಬೆಲ್ಲದ ಪಾಕದಂಥ ಅಂಟು ಬಳಿಯುತ್ತೇವೆ. ಅದರ ಮೇಲೆ ಇನ್ನೊಂದು ಬಟ್ಟೆ, ಮತ್ತೆ ಅಂಟು. ಅದು ಗಟ್ಟಿಯಾಗುವವರೆಗೆ ಪದರಗಳು ಒತ್ತಿಕೊಂಡೇ ಇರಬೇಕು. ನಡುವೆ ಗಾಳಿ ಉಳಿದರೆ ಹೊರಗೆ ಕಾಣುವುದಿಲ್ಲ. ನಾಣ್ಯದಿಂದ ತಟ್ಟಿದಾಗ ಆ ಜಾಗ ಮಾತ್ರ ಬೇರೆ ದನಿ ಕೊಡುತ್ತದೆ. ಮೊದಲು ಮರಳಿನ ಚೀಲ ಹೇರಿದೆವು. ಭಾರ ತಳಕ್ಕೆ ಸಿಕ್ಕಿತು, ಬದಿಗಳಿಗೆ ಸಿಗಲಿಲ್ಲ. ಆಮೇಲೆ ಒಳಗೆ ಕೂರುವಂಥ ಮರದ ಅಚ್ಚು ಕೆತ್ತಿಸಿ ಬೋಲ್ಟು ಬಿಗಿದೆವು. ಬಿಗಿಯಾದ ಕಡೆ ಅಂಟೆಲ್ಲ ಹಿಂಡಿಹೋಗಿ ಬಟ್ಟೆ ಒಣಗಿ ನಿಂತಿತು. ಈಗಿನ ಉಪಾಯ ಬೇರೆ. ಮೇಲೆ ರಬ್ಬರ್ ಶೀಟು ಹೊದಿಸಿ, ಅಂಚಿಗೆ ಮೇಣ ಮೆತ್ತಿ, ಪಂಪಿನಿಂದ ಒಳಗಿನ ಗಾಳಿ ಎಳೆಯುವುದು. ಆಗ ಹೊರಗಿನ ಗಾಳಿಯೇ ಎಲ್ಲ ಕಡೆಯಿಂದ ಸಮನಾಗಿ ಒತ್ತುತ್ತದೆ. ಯಾರೂ ಏನನ್ನೂ ಹೇರಬೇಕಾಗಿಲ್ಲ. ಒಳಗೆ ಏನೂ ಉಳಿಯದಿದ್ದರೆ ಸಾಕು, ಅಷ್ಟು ಭಾರ ತಾನಾಗಿ ಬರುತ್ತದೆ.

ಆದರೆ ಒಳ್ಳೆಯ ರಬ್ಬರ್ ಸಿಗುತ್ತಿಲ್ಲ. ಲಾರಿಯ ಟ್ಯೂಬು ಸೀಳಿ ಅಂಟಿಸಿದೆವು. ಜೋಡಿಸಿದ ಕಡೆಯೆಲ್ಲ ಗಾಳಿ ಸೋರಿ, ಮೂತಿಯ ತುಂಬ ಗುಳ್ಳೆ ಎದ್ದಿತು. ಸಾಹೇಬರು ಬಂದು, "ಏನ್ರೀ ನರಸಿಂಹಯ್ಯ, ಇದು ಮೂತಿನೋ, ಹಾಗಲಕಾಯೋ?" ಎಂದರು. ಅವರು ಹೋದ ಮೇಲೆ ಅಚ್ಚು ಮಾಡುವ ಗಯಾಸ್ ತಲೆ ಕೆರೆದುಕೊಂಡು, "ಮೆತ್ತಗೆ ಇರ್ಬೇಕು, ತೂತು ಇರ್ಬಾರ್ದು. ನಮ್ಮನೆಯವ್ಳು ತಾಹೆರಾ ನಿಮ್ಮನೆಗೆ ಕೊಟ್ಟಿದ್ಳಲ್ಲ ಸಾರ್, ಅಂಥಾದ್ದು..." ಎಂದವನು ಅಲ್ಲಿಗೇ ನಿಲ್ಲಿಸಿದ. ಪಂಪು ಓಡುತ್ತಲೇ ಇತ್ತು. ಅದನ್ನು ಆರಿಸಿ ಬಂದು, "ತಪ್ಪಾಯ್ತು ಸಾರ್. ಬಾಯಿಗೆ ಬಂದ್ಬಿಡ್ತು" ಎಂದ. ಪರವಾಗಿಲ್ಲ ಕಣಯ್ಯ ಎಂದೆ. ಮಧ್ಯಾಹ್ನ ಅವನು ಊಟ ಮಾಡಲಿಲ್ಲ.

ಅವನು ಹೇಳಿದ್ದು ಯಾವುದು ಎಂದು ನಿನಗೆ ಗೊತ್ತು. ರತ್ನ ಹುಟ್ಟಿದಾಗ ತಾಹೆರಾ ಶಿವಾಜಿನಗರದಿಂದ ತೊಟ್ಟಿಲಿಗೆ ಹಾಸಲು ತಂದು ಕೊಟ್ಟ ಕೆಂಪು ಶೀಟು. ಮಗು ಹೋದ ಮೇಲೆ ನೀನು ಅದನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟೆ. ಮೂತಿಯ ಅಚ್ಚಿಗೆ ಅದು ಸರಿಯಾಗಿ ಕೂರುತ್ತದೆ. ಸುಳ್ಳು ಹೇಳುವುದಿಲ್ಲ; ಅಂಟು ತಾಗಿದ ಮೇಲೆ ಅದು ಮನೆಗೆ ಬರುವ ವಸ್ತುವಲ್ಲ. ಆದರೂ ಕೇಳಬೇಕೆನಿಸಿತು. ಪೆಟ್ಟಿಗೆಯಲ್ಲಿದ್ದು ಬಿರಿದುಹೋಗುವುದಕ್ಕಿಂತ, ಅದರ ಕೆಳಗೆ ಏನಾದರೂ ಒಂದು ರೂಪ ಪಡೆದು ಮೇಲೆ ಹಾರಲಿ ಎಂದು ಯೋಚಿಸಿದೆ. ಇದು ನಿನಗೆ ಕ್ರೂರವಾಗಿ ಕೇಳಿಸಿದರೆ ಬೇಡ ಎಂದು ಬರೆ.

ಪೆಟ್ಟಿಗೆಗೆ ಬೀಗವಿದೆ. ಕೀಲಿ ನಿನ್ನ ಸೆರಗಿನ ಗಂಟಿನಲ್ಲಿ ಇರಬೇಕು. ಅಂಚೆಯಲ್ಲಿ ಕಳಿಸಿದರೂ ಆಗುತ್ತದೆ. ನೀನೇ ತಂದರೆ, ಯಾವತ್ತು ಬರುತ್ತೀಯೆಂದು ಒಂದು ಸಾಲು ಬರೆ. ಸ್ಟೇಷನ್ನಿಗೆ ಬಂದು ನಿಂತಿರುತ್ತೇನೆ. ಅಂಚೆಯಲ್ಲಿ ಬಂದರೆ ಅದರ ಅರ್ಥವೂ ನನಗೆ ಆಗುತ್ತದೆ.

ಅಣ್ಣನವರಿಗೂ ಅತ್ತಿಗೆಗೂ ನನ್ನ ನಮಸ್ಕಾರ ತಿಳಿಸು. ಚಳಿ ಶುರುವಾಗಿದೆ, ಬರಿಗಾಲಲ್ಲಿ ಅಂಗಳಕ್ಕೆ ಇಳಿಯಬೇಡ. ದೇವರು ನಿನಗೆ ನಿದ್ದೆ ಕೊಡಲಿ.

ನಿನ್ನ
ನರಸಿಂಹಯ್ಯ

ತಾ.ಕ. ಕಾಗದ ಮಡಿಸುವ ಮೊದಲು ಪೆಟ್ಟಿಗೆಯ ಹತ್ತಿರ ಹೋದೆ. ಬೀಗ ಸುಮ್ಮನೆ ಸಿಕ್ಕಿಸಿತ್ತು, ಒತ್ತಿರಲಿಲ್ಲ. ನಿನ್ನ ಸೀರೆಗಳೆಲ್ಲ ಇವೆ, ಮದುವೆಯದೂ ಇದೆ. ಶೀಟು ಇಲ್ಲ. ನೀನು ಹೊರಟ ದಿನ ನಿನ್ನ ಸಣ್ಣ ಚೀಲವನ್ನು ರೈಲಿನಲ್ಲಿ ನಾನೇ ಎತ್ತಿ ಕೊಟ್ಟಿದ್ದೆ; ಇಷ್ಟು ಹಗುರವಾಗಿದೆಯಲ್ಲ, ಬೇಗ ಬರುತ್ತಾಳೆ ಎಂದುಕೊಂಡಿದ್ದೆ. ಕೀಲಿ ಕಳಿಸಬೇಡ. ಮೂತಿಗೆ ಬೇರೆ ಏನಾದರೂ ನೋಡುತ್ತೇವೆ. ಒಂದು ಮಾತು. ಶೀಟನ್ನು ಮಡಿಸಿಡಬೇಡ, ಮಡಿಕೆಯ ಗೆರೆಯಲ್ಲೇ ರಬ್ಬರ್ ಬಿರಿಯುತ್ತದೆ. ಎರಡೂ ಕಡೆ ಪೌಡರ್ ಸವರಿ, ಮೆತ್ತಗೆ ಸುತ್ತಿಡು. ರತ್ನಳ ಡಬ್ಬಿಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಬೇಕೆಂದರೆ ತಂದುಕೊಡುತ್ತೇನೆ.