ಹರ್ಷಿಣಿಯ ಬೆಳ್ಳಿ ಲೋಟ

ನವೆಂಬರ್ ೫, ಬೆಳಿಗ್ಗೆ ೭
ಸ್ನಾನ, ಸಂಧ್ಯಾವಂದನೆ ಆಯಿತು. ಮಗಳು ಡೆಂಗಿಯಲ್ಲಿ ತೀರಿಕೊಂಡು ಇಂದಿಗೆ ನಲವತ್ತೊಂದು ದಿನ. ಅವಳ ಕಪಾಟನ್ನು ನಾನೇ ತೆರೆದೆ. ಬೈಬಲ್ ಇದೆ. ನಾಮಕರಣಕ್ಕೆ ನನ್ನ ತಾಯಿ ಕೊಟ್ಟ ಬೆಳ್ಳಿ ಲೋಟ ಇಲ್ಲ.
ಹೆಂಡತಿ ಮಾಧವಿಯನ್ನು ಕೇಳಿದೆ.
"ತಾಂಬರಂ ವಿನೋದಾ ಅವ್ರ ಮನೇಲಿದೆ ರೀ. ಭಾನುವಾರದ ಪ್ರಾರ್ಥನೆಗೆ ಅಂತ ಹರ್ಷಿನೇ ತಗೊಂಡ್ಹೋದ್ಲು. ನಿಮಗೆ ಹೇಳ್ಬೇಡ ಅಂದಿದ್ಲು."
"ಯಾಕೆ?"
"ಭಾಷಣ ಶುರು ಮಾಡ್ತೀರಿ ಅಂತ."
ಲೋಟ ವಾಪಸು ಬರಬೇಕು. ತಂದೇ ತರುತ್ತೇನೆ.

ನವೆಂಬರ್ ೮
ವಾದ ಸಿದ್ಧಪಡಿಸಿದೆ — ಕಾಲೇಜಿನ ಚರ್ಚಾಸ್ಪರ್ಧೆಗಳಿಗೆ ಮಾಡುತ್ತಿದ್ದಂತೆ, ಕಾರ್ಡುಗಳಲ್ಲಿ. ಎರಡು ವರ್ಷದ ಹಿಂದೆ, ಮಗಳು ಚರ್ಚಿಗೆ ಹೋಗತೊಡಗಿದಾಗ, ಅವಳ ಮುಂದೆ ಮಂಡಿಸಿದ್ದೇ. ಆದಿಯ ಕ್ರೈಸ್ತರು ಮನೆಗಳಲ್ಲಿ ಕೂಡುತ್ತಿದ್ದರು. ಯಜಮಾನ, ಗುಲಾಮ ಒಂದೇ ರೊಟ್ಟಿ ಮುರಿದು, ಒಂದೇ ಪಾತ್ರೆಯಿಂದ ಕುಡಿಯುತ್ತಿದ್ದರು. ಇವಳು ಹೋಗುತ್ತಿದ್ದುದು ಎ.ಸಿ. ಹಾಲಿಗೆ... ಡ್ರಮ್ಸ್, ದೊಡ್ಡ ಪರದೆ, ದ್ರಾಕ್ಷಾರಸಕ್ಕೆ ತಲೆಗೊಂದು ಪ್ಲಾಸ್ಟಿಕ್ ಕಪ್ಪು.
"ಇದೂ ನಮ್ಮ ಮಡಿಯೇ ತಾನೇ? ಎಂಜಲಿಗೆ ಹೆದರೋದಾದ್ರೆ ಮನೇಲೇ ಇರಬಹುದಿತ್ತಲ್ಲ?" ಎಂದಿದ್ದೆ.
ಅವಳು ಎದ್ದು ಕೋಣೆಗೆ ಹೋದಳು. ಗೆದ್ದೆ ಎಂದುಕೊಂಡೆ.

ನವೆಂಬರ್ ೧೦, ಭಾನುವಾರ, ಮಧ್ಯಾಹ್ನ
ಲೋಕಲ್ ಟ್ರೈನಿನಲ್ಲಿ ತಾಂಬರಂ. ವಿನೋದಾ ನಿವೃತ್ತ ರೈಲ್ವೆ ನರ್ಸ್, ಚಾಮರಾಜನಗರದವರು. ಎರಡು ಕೋಣೆಯ ಮನೆ. ಚಾಪೆಯ ಮೇಲೆ ಒಂಬತ್ತು ಜನ. ಮೈಕಿಲ್ಲ. ನಡುವೆ ಚಪಾತಿ, ಪಕ್ಕದಲ್ಲಿ ಲೋಟ.
"ಬನ್ನಿ ಸಾರ್. ಹರ್ಷಿ ಅಪ್ಪ ಅಲ್ವಾ? ಮೂಗು ನೋಡಿದ್ರೇ ಗೊತ್ತಾಗುತ್ತೆ."
"ಲೋಟಕ್ಕೆ ಬಂದೆ."
"ತಗೊಳ್ಳಿ, ನಿಮ್ದೇ. ಆದ್ರೆ ಇಲ್ಲಿಗೆ ಕಳಿಸಿದ್ದೂ ನೀವೇ."
ನಾನೇ?
"ಆ ದೊಡ್ಡ ಹಾಲ್ ಬಿಟ್ಟು ಬಂದ್ಲು. ಎಲ್ರಿಗೂ ಒಂದೇ ಲೋಟ ಅಂತ ಹಠ. ನಾನು ನರ್ಸ್, ಇನ್ಫೆಕ್ಷನ್ ಅಂತ ಬೈದೆ. ಕೇಳ್ಬೇಕಲ್ಲ! 'ಅಪ್ಪ ಹೇಳಿದ್ದೇ ಕರೆಕ್ಟ್ ಆಂಟಿ' ಅಂದ್ಲು."
ಕಾರ್ಡುಗಳು ಜೇಬಿನಲ್ಲೇ ಉಳಿದವು. ಲೋಟ ತರಲಿಲ್ಲ.

ನವೆಂಬರ್ ೨೩
ಹನ್ನೆರಡು ದಿನ ಬರೆಯಲಿಲ್ಲ. ನಿರ್ಧಾರ ಹೀಗೆ: ನನ್ನ ನಂಬಿಕೆ ಬದಲಾಗದು, ಸಂಧ್ಯಾವಂದನೆ ನಿಲ್ಲದು. ಆದರೆ ನಾನು ಮಂಡಿಸಿದ ವಾದದಂತೆ ನಡೆದವಳು ಅವಳು, ನಾನಲ್ಲ. ನಾಳೆ ಹೋಗುತ್ತೇನೆ.
"ನಾನೂ ಬರ್ತೀನಿ. ಅಲ್ಲಿ ಭಾಷಣ ಬೇಡ," ಎಂದಳು ಮಾಧವಿ.

ನವೆಂಬರ್ ೨೪, ಭಾನುವಾರ, ಸಂಜೆ
ಪ್ರಾರ್ಥನೆಯ ನಂತರ ಅಲ್ಲೇ ಊಟ. ಲೋಟ ಸುತ್ತಿ ಬಂತು.
"ದೀಕ್ಷಾಸ್ನಾನ ಆಗದವರಿಗೆ ಆದಿಯ ಕ್ರೈಸ್ತರು ಪಾತ್ರೆ ಕೊಡ್ತಿರಲಿಲ್ಲ," ಎಂದೆ.
"ರೀ!" — ಮಾಧವಿ.
ವಿನೋದಾ ನಕ್ಕರು. "ಇದು ಬರೀ ಊಟದ ನೀರು ಸಾರ್. ಊಟಕ್ಕೂ ಅದೇ ಲೋಟ, ನಿಮ್ಮ ಮಗಳ ರೂಲು. ಬೇಕಾದ್ರೆ ಎತ್ತಿ ಕುಡೀರಿ."
ಅಂಬತ್ತೂರಿನಲ್ಲಿ ಲೇತ್ ಯಂತ್ರ ಓಡಿಸುವವನೊಬ್ಬ ಕುಡಿದು, "ಇಂದಾಂಗಪ್ಪಾ," ತಗೊಳ್ಳಿ ಅಪ್ಪಾ, ಎಂದು ತಮಿಳಿನಲ್ಲಿ ಹೇಳಿ ನನ್ನ ಕೈಗಿತ್ತ. ಅಂಚು ಒದ್ದೆ. ಅರವತ್ತೆಂಟು ವರ್ಷ ತುಟಿ ತಾಗಿಸದೆ ಕುಡಿದವನು ನಾನು. ಲೋಟದ ಮೈಮೇಲೆ ಅಮ್ಮ ಕೆತ್ತಿಸಿದ ಹರ್ಷಿಣಿಯ ಹೆಸರು. ಅಭ್ಯಾಸದಂತೆ ಕೈ ಮೇಲೆತ್ತಿತು. ಇಳಿಸಿದೆ. ತುಟಿಯ ಬಳಿಗೆ ತಂದು, ತಾಗಿಸಿಯೇ ಕುಡಿದೆ.