ಹಿತ್ತಿಲ ಕಡೆ ತಿರುಗಿದ ಕ್ಯಾಮೆರಾ

ಡಿಸೆಂಬರ್ 3, ಮಂಗಳವಾರ. ಬೆಳಗ್ಗೆ 9

ಮೊಮ್ಮಗಳಿಗೆ ಎಣ್ಣೆ ಹಚ್ಚಿ, ಹಿತ್ತಿಲ ಎಳೆಬಿಸಿಲಲ್ಲಿ ಕಾಲ ಮೇಲೆ ಮಲಗಿಸಿಕೊಂಡಿದ್ದೆ. ಮಗಳು ಮಾಲಿನಿ ಪಕ್ಕದಲ್ಲೇ ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದಳು, ಬರೀ ನೈಟಿಯಲ್ಲಿ. ತಲೆ ಎತ್ತಿದರೆ — ಪಕ್ಕದ ಮನೆ ಸೋಮಶೇಖರಪ್ಪನ ಗೋಡೆ ಮೇಲೆ ಹೊಸ ಕ್ಯಾಮೆರಾ! ನೇರ ನಮ್ಮ ಕಡೆಗೇ.

"ಅಮ್ಮಾ, ನಾನಿನ್ನು ಹೊರಗೆ ಬರಲ್ಲ" ಅಂದು ಒಳಗೆ ಹೋದವಳು ಕದ ಹಾಕಿಕೊಂಡಳು. ಹಸಿ ಬಾಣಂತಿ. ಮೈಯೆಲ್ಲ ಉರಿದುಹೋಯಿತು ನನಗೆ.

ಡಿಸೆಂಬರ್ 4

ಹೋಗಿ ಕೇಳಿಯೇ ಬಿಟ್ಟೆ.

"ತೆಂಗಿನಕಾಯಿ ರಾಶಿಗೆ ಹಾಕ್ಸಿರೋದು ಕಣಕ್ಕ. ನಿಮ್ಮ ಹಿತ್ಲು ನೋಡಕ್ಕೆ ನಂಗೇನ್ ಹುಚ್ಚಾ?"

"ರಾಶಿ ಇರೋದು ಆ ಕಡೆ, ಅದು ನೋಡ್ತಿರೋದು ಈ ಕಡೆ. ನಿಮ್ ಕಾಯಿಗೇನು ಕಾಲು ಬಂದಿದಾವೇನ್ರೀ?"

ಅವರೂ ರೇಗಿದರು. ಅವರ ಹೆಂಡತಿ ಕಲ್ಲಮ್ಮ ಬಾಗಿಲ ಹಿಂದೆ ನಿಂತಿದ್ದಳು. ನಾನು ನೋಡಿದ್ದೇ ಒಳಗೆ ಸರಿದಳು.

ಹಳೇ ಸೀರೆ ಅಡ್ಡ ಕಟ್ಟಿದೆ. ಗಾಳಿಗೆ ಉಳಿಯಲಿಲ್ಲ.

ಡಿಸೆಂಬರ್ 7, ಶನಿವಾರ

ನಾಲ್ಕು ದಿನದಿಂದ ಮಗುವಿಗೆ ಬಿಸಿಲಿಲ್ಲ, ಮಾಲಿನಿಗೆ ಗಾಳಿಯಿಲ್ಲ. ಕಂಪ್ಲೇಂಟು ಬರೆದು ಸ್ಟೇಷನ್ನಿಗೆ ಹೊರಟೆ. ದಾರಿಯಲ್ಲೇ ಕ್ಯಾಮೆರಾ ಹಾಕಿದ ದುಷ್ಯಂತನ ಅಂಗಡಿ. ಅವನಿಗೂ ಒಂದು ಬಿಸಿ ಮುಟ್ಟಿಸೋಣ ಅಂತ ನುಗ್ಗಿದೆ.

"ರಾಶಿ ಕಡೆನೇ ಇಟ್ಟಿದ್ದೆ ಆಂಟಿ. ಆಮೇಲೆ ಕಲ್ಲಮ್ಮೋರೇ ಕರೆಸಿ, ಯಜಮಾನ್ರಿಗೆ ಹೇಳ್ಬೇಡ, ಚೂರು ಈ ಕಡೆ ತಿರುಗ್ಸಪ್ಪ, ಪಾಪು ಕಾಣ್ಬೇಕು ಅಂದ್ರು. ಫೋನಲ್ಲಿ ನೋಡೋದು ಅವರೊಬ್ರೇ."

ಕಂಪ್ಲೇಂಟು ಮಡಚಿ ಚೀಲಕ್ಕೆ ಹಾಕಿ ಮನೆಗೆ ತಿರುಗಿದೆ.

ತೊಟ್ಟಿಲ ಶಾಸ್ತ್ರಕ್ಕೆ ಬೀದಿಗೆಲ್ಲ ಹೇಳಿದ್ದೆ, ಕಲ್ಲಮ್ಮನನ್ನು ಬಿಟ್ಟು. ಮಕ್ಕಳಿಲ್ಲದವಳು, ಮಗುವಿಗೆ ಕಣ್ಣಾದರೆ... ಅಂತ. ಯಾರೂ ಹೇಳಿಕೊಟ್ಟಿದ್ದಲ್ಲ, ನನ್ನದೇ ಬುದ್ಧಿ. ಮಾಲಿನಿಗೆ ಮೊದಲ ಜಡೆ ಹೆಣೆದವಳು ಅವಳು. ನಾಚಿಕೆಯಾಗಬೇಕು ನನಗೆ. ಆಯಿತು ಕೂಡ.

ಡಿಸೆಂಬರ್ 8

ಮಾಲಿನಿಗೆ ಎಲ್ಲ ಹೇಳಿದೆ. "ನೀನು ಕರೆದಿದ್ರೆ ಆಗ್ತಿತ್ತಲ್ಲಮ್ಮ..." ಅಂದಳು. ಮಗುವಿನ ಕುಲಾವಿ ಸರಿ ಮಾಡುತ್ತ, "ಆದ್ರೆ ಕ್ಯಾಮೆರಾ ತಿರುಗಲೇಬೇಕು." ಅದೂ ಸರಿಯೇ.

ಮಗು ಎತ್ತಿಕೊಂಡು ಹೋದೆ. ಕಲ್ಲಮ್ಮ ನೋಡಿದವಳೇ ಎರಡು ಹೆಜ್ಜೆ ಹಿಂದೆ ಸರಿದಳು. ಕೈ ಸೆರಗಿನೊಳಗೆ.

"ತಪ್ಪಾಯ್ತು ಜಯಕ್ಕ, ಇವತ್ತೇ ತಿರುಗಿಸ್ತೀನಿ. ಕೂಸು ಬ್ಯಾಡ... ನನ್ ಕಣ್ಣು —"

ಗೊತ್ತಿತ್ತು ಅವಳಿಗೆ. ಎಲ್ಲ ಗೊತ್ತಿತ್ತು.

"ಸುಮ್ನೆ ಕಾಲು ನೀಡ್ಕೊಂಡು ಕೂತ್ಕೊ ಕಣೇ" ಅಂತ ಗದರಿದೆ. ಗದರಿದ ಹಾಗೆ ಕೇಳಿಸಲಿಲ್ಲ. ಮಗುವನ್ನು ಮಡಿಲಿಗಿಟ್ಟೆ. ಇಬ್ಬರೂ ಅತ್ತೆವು. ಮಗು ಮಾತ್ರ ನಿದ್ದೆ ಮಾಡಿತು.

ಡಿಸೆಂಬರ್ 12. ಬೆಳಗ್ಗೆ 7

ಕ್ಯಾಮೆರಾ ಈಗ ಕಾಯಿ ಕಾಯುತ್ತಿದೆ. ಮಾಲಿನಿ ಹಿತ್ತಿಲಲ್ಲಿ ತಲೆ ಒಣಗಿಸುತ್ತಿದ್ದಾಳೆ. ಮಗುವಿಗೆ ನೀರು ಹಾಕೋದು ಇನ್ನು ಕಲ್ಲಮ್ಮನದೇ ಕೆಲಸ.

ಬಂದಳು. ನಾಲ್ಕು ದಿನವಾಯಿತು, ಇನ್ನೂ ಹೊಸ್ತಿಲಾಚೆ ನಿಂತು "ಬರ್ಲಾ ಜಯಕ್ಕ?" ಅಂತ ಕೇಳ್ತಾಳೆ. ಹಾಗೆ ಕೇಳಿದಾಗಲೆಲ್ಲ ನನಗೆ ಅವಳನ್ನು ಕರೆಯದೆ ಬಿಟ್ಟ ಆ ತೊಟ್ಟಿಲ ದಿನವೇ ನೆನಪಾಗುತ್ತೆ.